ಬಾಂಡ್ ಬರೆಸ್ಕೊಂಡ್ರೆ ಮನಸ್ಸು ನಿಲ್ಲುತ್ತಾ?

ನಮಸ್ಕಾರ. ನಿಮ್ಮ ಪತ್ರ ಪೂರ್ತಿ ಓದಿದೆ. ಸಂಬಳ ಏರಿಸಿದ್ರಿ, ಎರಡು ವರ್ಷ ಕೆಲಸ ಬಿಡಲ್ಲ ಅಂತ ಬಾಂಡ್ ಬರೆಸ್ಕೊಂಡ್ರಿ, ಆದ್ರೂ ಚೆನ್ನಾಗಿ ಕೆಲಸ ಮಾಡೋರೇ ಒಬ್ಬೊಬ್ಬರಾಗಿ ಬಿಟ್ಟು ಹೋಗ್ತಿದಾರೆ, ಉಳಿದೋರು ಮೀಟಿಂಗಲ್ಲಿ ಬಾಯೇ ಬಿಡಲ್ಲ, "ಈಗಿನವರಿಗೆ ನಿಯತ್ತೇ ಇಲ್ಲ" ಅಂತ ಬರ್ದಿದೀರ. ಬೇಜಾರು ಅರ್ಥ ಆಗುತ್ತೆ. ಆದ್ರೆ ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಗಾಬರಿ ಹುಟ್ಟಿಸಿದ್ದು ಆ ಬಾಯಿ ಬಿಡದೆ ಉಳ್ಕೊಂಡಿರೋರು.

ಮೇಯರ್ ಮತ್ತೆ ಆ್ಯಲೆನ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು 1991ರಲ್ಲಿ ಇದನ್ನ ಚೆನ್ನಾಗಿ ಬಿಡಿಸಿ ಹೇಳಿದ್ರು. ಜನ ಒಂದು ಕಡೆ ಉಳಿಯೋದು ಕೆಲಸದ ಮೇಲೆ ಪ್ರೀತಿಯಿಂದ ಇರಬಹುದು, ಬಿಟ್ರೆ ಲಾಸ್ ಆಗುತ್ತೆ ಅನ್ನೋ ಲೆಕ್ಕದಿಂದ ಇರಬಹುದು, ಇಲ್ಲಾ ಋಣ ಇದೆ ಬಿಟ್ಟು ಹೋಗೋದು ಸರಿಯಲ್ಲ ಅನ್ನೋ ಭಾವನೆಯಿಂದ ಇರಬಹುದು. ಅಟೆಂಡೆನ್ಸ್ ರಿಜಿಸ್ಟರಲ್ಲಿ ಮೂವರೂ ಒಂದೇ ಥರ ಕಾಣ್ತಾರೆ. ಮೊದಲನೆಯವರು ಹೇಳದೇ ಇದ್ರೂ ಒಂದು ಹೆಜ್ಜೆ ಮುಂದೆ ಹೋಗಿ ಕೆಲಸ ಮಾಡ್ತಾರೆ, ಬರೀ ಲೆಕ್ಕಕ್ಕೆ ಉಳಿದೋರು ಕೆಲಸ ಹೋಗದಿರೋಕೆ ಎಷ್ಟು ಬೇಕೋ ಅಷ್ಟೇ. ಬಾಂಡ್ ತಯಾರು ಮಾಡೋದು ಈ ಎರಡನೇ ಥರದೋರನ್ನೇ ಸ್ವಾಮಿ.

ಹಾಗಂತ ದುಡ್ಡು ಮುಖ್ಯ ಅಲ್ಲ ಅಂತ ಉಪದೇಶ ಮಾಡಲ್ಲ, ಸಂಬಳ ಕಮ್ಮಿ ಕೊಡೋರು ಹೇಳೋ ಮಾತು ಅದು. 1913ರಲ್ಲಿ ಫೋರ್ಡ್ ಕಾರ್ ಫ್ಯಾಕ್ಟರೀಲಿ ಸುಮಾರು 14,000 ಜಾಗ ತುಂಬಿರೋ ಹಾಗೆ ನೋಡ್ಕೊಳ್ಳೋಕೆ ಒಂದೇ ವರ್ಷ 50,000ಕ್ಕೂ ಹೆಚ್ಚು ಜನರನ್ನ ಸೇರಿಸ್ಕೋಬೇಕಾಯ್ತು, ಅಸೆಂಬ್ಲಿ ಲೈನ್ ಕೆಲಸ ಅಷ್ಟು ಬೇಸರ. 1914ರಲ್ಲಿ ದಿನಕ್ಕೆ 5 ಡಾಲರ್ ಸಂಬಳ ಅಂದ್ರು, ದಿನದ ಒಂಬತ್ತು ಗಂಟೆ ಕೆಲಸ ಎಂಟು ಗಂಟೆಗೆ ಇಳೀತು, ಬಿಟ್ಟು ಹೋಗೋದು ಧಡಕ್ಕನೆ ಕಮ್ಮಿ ಆಯ್ತು. ಆದ್ರೆ ಅದೇ ಕಂಪನಿ ಆ ದುಡ್ಡಿಗೆ ಅರ್ಹರಾ ಅಂತ ನೋಡೋಕೆ ಕಾರ್ಮಿಕರ ಮನೆಗೆ ಇನ್ಸ್‌ಪೆಕ್ಟರ್‌ಗಳನ್ನ ಕಳಿಸ್ತಿತ್ತು! ಜನ ಉಳಿದ್ರು ನಿಜ, ಆದ್ರೆ ಅದಕ್ಕೆ ಪ್ರೀತಿ ಅನ್ನೋಕಾಗುತ್ತಾ?

ಮತ್ತೆ ಪ್ರೀತಿ ಎಲ್ಲಿಂದ ಬರುತ್ತೆ? ಹೆಚ್ಚಾಗಿ ಪಕ್ಕದ ಸೀಟಿನ ಮ್ಯಾನೇಜರಿಂದ. ಮಾಡಿದ ಕೆಲಸಕ್ಕೆ ಕ್ರೆಡಿಟ್ ಯಾರ ಹೆಸರಿಗೆ ಹೋಯ್ತು, ಇಂಟರ್‌ವ್ಯೂನಲ್ಲಿ ಹೇಳಿದ ಕೆಲಸಾನೇ ಕೊಟ್ರಾ, ಅಪ್ರೈಸಲ್‌ನಲ್ಲಿ ಕಮ್ಮಿ ಮಾರ್ಕ್ಸ್ ಬಂದಾಗ ಯಾಕೆ ಅಂತ ಮುಖ ನೋಡಿ ಹೇಳಿದ್ರಾ, ಮನೇಲಿ ಯಾರಿಗೋ ಹುಷಾರಿಲ್ಲ ಅಂದಾಗ ರಜೆಗೆ ಗೋಗರೀಬೇಕಾಯ್ತಾ, ಇಂಥವೇ. ಬಿಟ್ಟು ಹೋಗೋರು ಎಲ್ಲರೂ ವರ್ಷಗಟ್ಟಲೆ ಅತೃಪ್ತಿ ಇಟ್ಕೊಂಡಿರ್ತಾರೆ ಅಂತಾನೂ ಇಲ್ಲ, ಚೆನ್ನಾಗೇ ಇದ್ದೋರು ಎಲ್ಲರೆದುರು ಬೈಸ್ಕೊಂಡ ಒಂದು ಮಧ್ಯಾಹ್ನ ಸಾಕು, ರಾತ್ರಿ ರೆಸ್ಯೂಮೆ ಅಪ್‌ಡೇಟ್ ಆಗುತ್ತೆ.

ಇನ್ನೊಂದು, ಅರ್ಥಶಾಸ್ತ್ರಜ್ಞ ಹರ್ಷ್‌ಮನ್ 1970ರಲ್ಲಿ ಹೇಳಿದ್ದು: ಸರಿ ಇಲ್ಲದ ಕಡೆ ಇರೋರಿಗೆ ಒಂದೋ ಬಿಟ್ಟು ಹೋಗೋ ದಾರಿ, ಇಲ್ಲಾ ದನಿ ಎತ್ತೋ ದಾರಿ, ನಿಷ್ಠೆ ಇರೋರು ಬಿಡೋ ಮುಂಚೆ ದನಿ ಎತ್ತಿ ನೋಡ್ತಾರೆ. ನಿಮ್ಮ ಪತ್ರದಲ್ಲೇ ಇದೆ ನೋಡಿ, ಹೋದ ತಿಂಗಳು ಬಿಟ್ಟ ಹುಡುಗಿ "ಯಾವಾಗ್ಲೂ ಕಂಪ್ಲೇಂಟ್ ಮಾಡ್ತಿದ್ಲು" ಅಂತ. ಆಕೆ ಏನೇನು ಹೇಳಿದ್ಲು ಅಂತ ಈಗ್ಲಾದ್ರೂ ಬರ್ದಿಟ್ಕೊಳ್ಳಿ, ಅದರಲ್ಲಿ ಸರಿ ಮಾಡೋಕಾಗೋದನ್ನ ಸರಿ ಮಾಡಿ, ಆಗದೇ ಇರೋದಕ್ಕೆ ಕಾರಣಾನ ಉಳಿದೋರಿಗೆ ಹೇಳಿ. ರಾಜೀನಾಮೆ ಕೊಟ್ಟ ಮೇಲೆ ಕೂರಿಸಿ ಕೇಳೋ ಪ್ರಶ್ನೆಗಳನ್ನ ಇರೋವಾಗ್ಲೇ ಕೇಳಿ.

ಹಾಂ, ಹತ್ತು ವರ್ಷ ಸರ್ವಿಸ್ ಆದೋರಿಗೆ ಶೀಲ್ಡ್ ಕೊಡೋಣ್ವಾ ಅಂತ ಕೊನೇಲಿ ಕೇಳಿದೀರ. ಕೊಡಿ, ಆದ್ರೆ ಅವರಲ್ಲಿ ಯಾರ್ಯಾರ ಪ್ರಮೋಷನ್ ಪೆಂಡಿಂಗ್ ಇದೆ ಅಂತ ಮೊದಲು ಫೈಲ್ ನೋಡಿ.

ಸಂಪಾದಕ