ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ಆದ ಮೇಲೆ ಗಿಟಾರ್ ಆಂಪ್ ಚೀರುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ್ರಿ ಸರ್. ನನ್ನ ಹತ್ರ ಎರಡು ಇಎಲ್34 ವಾಲ್ವ್ (ಪವರ್ ಕೊಡುವ ಗಾಜಿನ ಟ್ಯೂಬ್) ಇರುವ ಹಳೇ ಗಿಟಾರ್ ಆಂಪ್ ಇದೆ. ವಾಲ್ವ್‌ಗಳಿಂದ ಸ್ಪೀಕರ್‌ಗೆ ಪವರ್ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಉದ್ಯಮಬಾಗದಲ್ಲಿ ವೈಂಡಿಂಗ್ ಮಾಡಿಸಿ ನಾನೇ ಕೂಡಿಸಿದೆ. ಈಗ ಆನ್ ಮಾಡಿ ವಾಲ್ವ್ ಬಿಸಿಯಾಗುತ್ತಿದ್ದಂತೆ ಕಿವಿ ಒಡೆಯುವ ಹಾಗೆ ಚೀರುತ್ತದೆ. ವಾಲ್ಯೂಮ್ ಸೊನ್ನೆಗೆ ಇಟ್ಟರೂ ಅದೇ. ವಾಲ್ವ್ ಎಲ್ಲ ಹೊಸವು ಹಾಕಿದೆ, ಫರಕ್ ಇಲ್ಲ. ವೈಂಡಿಂಗ್ ಕೆಟ್ಟಿದೆಯಾ?
— ಓದುಗರು, ಶಹಾಪುರ, ಬೆಳಗಾವಿ

ಉತ್ತರ: ವೈಂಡಿಂಗ್ ಮಾಡಿದವರನ್ನು ಬಯ್ಯಬೇಡಿ, ಅವರ ಕೆಲಸ ಬಹುಶಃ ಸರಿಯಾಗಿಯೇ ಇದೆ. ವಾಲ್ವ್‌ಗೆ ಇನ್ನು ಒಂದು ರೂಪಾಯಿಯೂ ಹಾಕಬೇಡಿ. ವಾಲ್ಯೂಮ್ ಸೊನ್ನೆಯಲ್ಲೂ ಚೀರುತ್ತದೆ ಅಂದರೆ ತೊಂದರೆ ಆ ಕಂಟ್ರೋಲ್ ದಾಟಿದ ಮೇಲೆ, ಪವರ್ ಭಾಗದಲ್ಲಿದೆ. ಅಲ್ಲಿ ವೈರಿಂಗ್ ಬದಲಾಗಿದ್ದು ಟ್ರಾನ್ಸ್‌ಫಾರ್ಮರ್‌ನದು ಮಾತ್ರ ಅಲ್ವಾ?

ಇಂಥ ಆಂಪ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಸ್ಪೀಕರ್ ಕಡೆಯಿಂದ ಒಂದು ವೈರ್ ರೆಸಿಸ್ಟರ್ ಮೂಲಕ ಹಿಂದಕ್ಕೆ, ಫೇಸ್ ಇನ್ವರ್ಟರ್‌ಗೆ (ಎರಡು ಇಎಲ್34ಗಳಿಗೆ ಒಂದಕ್ಕೊಂದು ಉಲ್ಟಾ ಸಿಗ್ನಲ್ ಕೊಡುವ ಭಾಗ) ಹೋಗುತ್ತದೆ. ಅದೇ ಫೀಡ್‌ಬ್ಯಾಕ್ ವೈರ್. ಅದು ತರುವ ಸಿಗ್ನಲ್ ಒಳಗೆ ಬರುವ ಸಿಗ್ನಲ್‌ಗೆ ಉಲ್ಟಾ ಇದ್ದು ಅದನ್ನು ಸ್ವಲ್ಪ ತಗ್ಗಿಸಬೇಕು. ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯ, ಅಂದರೆ ವಾಲ್ವ್ ಕಡೆಯ ಸುತ್ತಿನ, ಎರಡು ತುದಿ ಅದಲುಬದಲಾದರೆ ತಗ್ಗಿಸುವ ಬದಲು ಸೇರಿಕೊಳ್ಳುತ್ತದೆ, ಸಭೆಯಲ್ಲಿ ಮೈಕ್ ಸ್ಪೀಕರ್ ಮುಂದೆ ಹೋದಾಗ ಕುಂಯ್ ಅನ್ನುತ್ತದಲ್ಲ, ಹಾಗೆ ಸುತ್ತಿ ಸುತ್ತಿ ದೊಡ್ಡದಾಗುತ್ತದೆ. ಚೀರಿದ ಕೂಡಲೇ ಆಫ್ ಮಾಡಿ. ಆಗ ಆಂಪ್ ಪೂರ್ತಿ ಪವರ್ ಕೊಡುತ್ತಿರುತ್ತದೆ, ಸ್ಪೀಕರ್ ಮತ್ತು ಹೊಸ ವೈಂಡಿಂಗ್ ಎರಡೂ ಸುಡಬಹುದು.

ಕೈ ಹಾಕುವ ಮೊದಲು ಇದನ್ನು ದಯವಿಟ್ಟು ಓದಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗೂ ಜಾಸ್ತಿ ಉಳಿದಿರಬಹುದು. ಜೀವ ಹೋಗಲು ಅಷ್ಟು ಸಾಕು. ಇನ್ಸುಲೇಟೆಡ್ ಕ್ಲಿಪ್ ಹಾಕಿದ 10 ಕಿಲೋಓಮ್, 10 ವ್ಯಾಟ್ ರೆಸಿಸ್ಟರ್‌ನಿಂದ ಆ ವೋಲ್ಟೇಜನ್ನು ಚಾಸಿಗೆ (ಆಂಪ್‌ನ ಲೋಹದ ಚೌಕಟ್ಟಿಗೆ) ಇಳಿಸಿ, ಮೀಟರ್‌ನಲ್ಲಿ ಸೊನ್ನೆ ಹತ್ತಿರ ಬಂದಿದ್ದನ್ನು ನೋಡಿ, ಆಮೇಲೆ ಮುಟ್ಟಿ. ಈ ಕೆಲಸದ ಅಭ್ಯಾಸ ಇಲ್ಲದಿದ್ದರೆ ಹಳೇ ರೇಡಿಯೊ ರಿಪೇರಿ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸ್ಪೀಕರ್ ಹಾಕದೆ ಮಾತ್ರ ಎಂದೂ ಆನ್ ಮಾಡಬೇಡಿ.

ಈಗ ಫೀಡ್‌ಬ್ಯಾಕ್ ವೈರ್‌ನ ಒಂದು ತುದಿ ಬಿಚ್ಚಿ, ತಗುಲದಂತೆ ಟೇಪ್ ಸುತ್ತಿ ಆನ್ ಮಾಡಿ. ಚೀರುವುದು ನಿಂತು ಆಂಪ್ ಇನ್ನೂ ಜೋರಾಗಿ ನುಡಿದರೆ ಕಾರಣ ಸಿಕ್ಕಿತು. ಮತ್ತೆ ಆಫ್ ಮಾಡಿ, ಕೆಪಾಸಿಟರ್ ಖಾಲಿ ಮಾಡಿ, ಎರಡು ಇಎಲ್34 ಸಾಕೆಟ್‌ಗಳ 3ನೇ ಪಿನ್‌ಗೆ ಬರುವ ಪ್ಲೇಟ್ ವೈರ್‌ಗಳನ್ನು ಅದಲುಬದಲು ಮಾಡಿ. ಫೀಡ್‌ಬ್ಯಾಕ್ ವೈರನ್ನು ಮೊದಲಿನ ಜಾಗಕ್ಕೇ ಸೋಲ್ಡರ್ ಮಾಡಿ. ಅಷ್ಟೇ.

ಇಷ್ಟಾದ ಮೇಲೂ ಟ್ರೆಬಲ್ ಏರಿಸಿದಾಗ ಸಣ್ಣ ಶಿಳ್ಳೆ ಉಳಿದರೆ ಅದು ಬೇರೆ ಕಥೆ. ವೈಂಡಿಂಗ್ ಮಾಡಿಸಿದಾಗ ವೈರ್ ಉದ್ದ ಬಿಟ್ಟಿರುತ್ತಾರೆ, ಅದು ಒಳಗೆ ಸುರುಳಿಯಾಗಿ ಇನ್‌ಪುಟ್ ವೈರ್ ಪಕ್ಕದಲ್ಲೇ ಬಿದ್ದಿರುತ್ತದೆ. ಆಂಪ್ ಆನ್ ಇರುವಾಗ ಒಣಗಿದ ಮರದ ಕಡ್ಡಿಯಿಂದ ಒಂದೊಂದೇ ವೈರ್ ಸರಿಸಿ ನೋಡಿ, ಇನ್ನೊಂದು ಕೈ ಜೇಬಿನಲ್ಲಿರಲಿ. ಯಾವುದನ್ನು ಸರಿಸಿದರೆ ಶಿಳ್ಳೆ ಬದಲಾಗುತ್ತದೋ, ಮತ್ತೆ ಆಫ್ ಮಾಡಿ ಕೆಪಾಸಿಟರ್ ಖಾಲಿ ಮಾಡಿದ ಮೇಲೆ ಅದನ್ನು ಗಿಡ್ಡ ಮಾಡಿ, ಚಾಸಿಗೆ ಒತ್ತಿ ಎಳೆಯಿರಿ. ಇಎಲ್34 ಸಾಕೆಟ್‌ಗಳ 5ನೇ ಪಿನ್‌ನಲ್ಲಿ 1.5ರಿಂದ 5.6 ಕಿಲೋಓಮ್‌ನ ಗ್ರಿಡ್ ಸ್ಟಾಪರ್ (ಇಂಥ ಶಿಳ್ಳೆ ತಡೆಯುವ ರೆಸಿಸ್ಟರ್) ಇಲ್ಲದಿದ್ದರೆ ಹಾಕಿ, ಪಿನ್‌ಗೆ ಅಂಟಿದಂತೆಯೇ.

ಆಗಲೂ ನಿಲ್ಲದಿದ್ದರೆ ಒಳಗಿನ ಫೋಟೊ ಕಳಿಸಿ, ಟ್ರಾನ್ಸ್‌ಫಾರ್ಮರ್ ವೈರ್‌ಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಅನ್ನುವುದು ಕಾಣುವ ಹಾಗೆ.