ಎರಡನೆಯ ಪದವಿಗೆ ಎಷ್ಟು ಕ್ರೆಡಿಟ್ ಬೇಕು?

ಪ್ರಶ್ನೆ: ಮೈಸೂರಿನಲ್ಲಿ ಮೂರು ವರ್ಷದ ಬಿ.ಕಾಂ. ಮುಗಿಸಿ, ಈಗ ಪತಿಯೊಂದಿಗೆ ಅಮೆರಿಕದಲ್ಲಿದ್ದೇನೆ. ಇಲ್ಲಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಇನ್ನೊಂದು ಪದವಿ ಪಡೆಯಲು ಮತ್ತೆ 120 ಕ್ರೆಡಿಟ್ ಓದಬೇಕೇ?

ಉತ್ತರ: ಸಾಮಾನ್ಯವಾಗಿ ಬೇಕಿಲ್ಲ. ಅಮೆರಿಕದಲ್ಲಿ ಮೊದಲ ಪದವಿಗೆ ಸುಮಾರು 120 ಸೆಮಿಸ್ಟರ್ ಕ್ರೆಡಿಟ್ (ಓದಿನ ಪ್ರಮಾಣವನ್ನು ಅಳೆಯುವ ಮಾನ) ಬೇಕಾದರೂ, ಈಗಾಗಲೇ ಪದವೀಧರರಾದವರು ಹೊಸದಾಗಿ ಸೇರುವ ವಿಶ್ವವಿದ್ಯಾಲಯದಲ್ಲಿ ಕನಿಷ್ಠ 30 ಕ್ರೆಡಿಟ್ ಗಳಿಸಿ, ಆ ವಿಷಯದ ಕಡ್ಡಾಯ ಕೋರ್ಸ್‌ಗಳನ್ನೆಲ್ಲ ಮುಗಿಸಿದರೆ ಸಾಕೆಂದು ಅನೇಕ ವಿಶ್ವವಿದ್ಯಾಲಯಗಳು ಹೇಳುತ್ತವೆ. ಆದರೆ ಈ 30 ಎಂಬ ಸಂಖ್ಯೆಯನ್ನು ನಂಬಿ ಲೆಕ್ಕ ಹಾಕಬೇಡಿ. ಒಂದು ಕೋರ್ಸ್‌ಗೆ ಮೂರು ಕ್ರೆಡಿಟ್‌ನಂತೆ ಹತ್ತೇ ಕೋರ್ಸ್, ಒಂದು ವರ್ಷದ ಓದು ಎನಿಸುತ್ತದೆ. ವಾಸ್ತವದಲ್ಲಿ ಪ್ರೋಗ್ರಾಮಿಂಗ್‌ನ ಮೊದಲ ಕೋರ್ಸ್ ಮುಗಿಯದೆ ಡೇಟಾ ಸ್ಟ್ರಕ್ಚರ್ಸ್ ಸಿಗದು, ಅದು ಮುಗಿಯದೆ ಆಲ್ಗಾರಿದಮ್ಸ್ ಸಿಗದು, ಹೀಗಾಗಿ ಬಿ.ಕಾಂ. ಓದಿದವರಿಗೆ ಗಣಿತವೂ ಸೇರಿ ಎರಡು ವರ್ಷ ದಾಟುವುದು ಸಹಜ.

ಪದವೀಧರರಿಗೆಂದೇ ರೂಪಿಸಿದ, ಕಂಪ್ಯೂಟರ್ ಸೈನ್ಸ್‌ನ ಆನ್‌ಲೈನ್ ಪದವಿಗಳೂ ಇವೆ. ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ್ದು 60 ಕ್ರೆಡಿಟ್‌ನದು. ಅಲ್ಲಿಯದು ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಯಾದ ಕ್ವಾರ್ಟರ್ ಲೆಕ್ಕವಾದ್ದರಿಂದ (ಮೂರು ಕ್ವಾರ್ಟರ್ ಕ್ರೆಡಿಟ್ ಎಂದರೆ ಎರಡು ಸೆಮಿಸ್ಟರ್ ಕ್ರೆಡಿಟ್) ಅದು 40 ಸೆಮಿಸ್ಟರ್ ಕ್ರೆಡಿಟ್‌ಗೆ ಸಮ.

ನಿಮ್ಮ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಮೂರು ವರ್ಷದ ಪದವಿಯ ಮಾನ್ಯತೆ. ಅದನ್ನು ಎಲ್ಲ ಕಡೆ ಅಮೆರಿಕದ ನಾಲ್ಕು ವರ್ಷದ ಪದವಿಗೆ ಸಮವೆಂದು ಒಪ್ಪುವುದಿಲ್ಲ. ಹಾಗಾಗಿ ಶುಲ್ಕ ಕಟ್ಟುವ ಮೊದಲೇ ನಿಮ್ಮ ಓದು ಅಮೆರಿಕದಲ್ಲಿ ಎಷ್ಟಕ್ಕೆ ಸಮವೆಂದು ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಿ, ನಿಮ್ಮನ್ನು ಪದವೀಧರರೆಂದು ಸೇರಿಸಿಕೊಳ್ಳುತ್ತಾರೋ ಇಲ್ಲವೇ ವರ್ಗಾವಣೆ ವಿದ್ಯಾರ್ಥಿ (ಹಿಂದಿನ ಓದಿನ ಕ್ರೆಡಿಟ್ ತಂದು ಮೊದಲ ಪದವಿ ಮುಗಿಸುವವರು) ಎಂದೋ ಎಂಬುದನ್ನು ಪ್ರವೇಶ ಕಚೇರಿಯಿಂದ ಬರಹದಲ್ಲೇ ಪಡೆದುಕೊಳ್ಳಿ.