ವಾರ್ಸೂವಿಯಸ್ ‘ಬಂದ’ ಅನ್ನಬೇಕಾ, ‘ಬಂದಳು’ ಅನ್ನಬೇಕಾ?

ನೀವು ಕೇಳಿದ್ದು ಇದು: ‘ದಿ ಆರ್ಡರ್ ಆಫ್ ದ ಸ್ಟಿಕ್’ ವೆಬ್‌ಕಾಮಿಕ್ ಬಗ್ಗೆ ಗೆಳೆಯರ ಜೊತೆ ಕನ್ನಡದಲ್ಲಿ ಹರಟುವಾಗ ವಾರ್ಸೂವಿಯಸ್‌ಗೆ ಅವನು ಅನ್ನಬೇಕಾ, ಅವಳು ಅನ್ನಬೇಕಾ? ಸುಮ್ನೆ ‘ಅವರು’ ಅಂದುಬಿಟ್ಟರೆ ಮುಗೀತಲ್ವಾ?

ಮುಗಿಯಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ.

ಓದದವರಿಗೆ ಎರಡು ಮಾತು. ರಿಚ್ ಬರ್ಲ್ಯೂ 2003ರಲ್ಲಿ ಶುರು ಮಾಡಿದ ಕಾಮಿಕ್ ಇದು. ಕೈಕಾಲು ಬರೀ ಕಡ್ಡಿ, ತಲೆ ಒಂದು ಗುಂಡು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ನಿಯಮಗಳನ್ನು ಗೇಲಿ ಮಾಡುತ್ತಾ ಹೊರಟ ಕತೆ ಆಮೇಲೆ ಗಂಭೀರವಾಗುತ್ತಾ ಹೋಯಿತು. ಹಳೆಯ ಪುಸ್ತಕಗಳ ಮರುಮುದ್ರಣಕ್ಕೆ 2012ರಲ್ಲಿ ಓದುಗರು ಕಿಕ್‌ಸ್ಟಾರ್ಟರ್ ಅನ್ನುವ ದುಡ್ಡು ಒಟ್ಟುಹಾಕುವ ವೆಬ್‌ಸೈಟಿನಲ್ಲಿ 12 ಲಕ್ಷ ಡಾಲರ್‌ಗಿಂತ ಜಾಸ್ತಿ ದುಡ್ಡು ಹಾಕಿದರು, ಅಷ್ಟು ಹುಚ್ಚು ಜನಕ್ಕೆ. ಆರು ಜನರ ತಂಡದಲ್ಲಿ ವಾರ್ಸೂವಿಯಸ್ ಎಲ್ಫ್ ಅನ್ನುವ ಉದ್ದಕಿವಿಯ ಕಾಲ್ಪನಿಕ ಕುಲದ ಮಂತ್ರವಾದಿ. ಗಂಡೋ ಹೆಣ್ಣೋ ಕಾಮಿಕ್ ಹೇಳುವುದಿಲ್ಲ. ಸಂಗಾತಿ ಇಂಕೀರಿಯಸ್ ವಿಷಯವೂ ಅಷ್ಟೇ. ಇಂಗ್ಲಿಷ್ ಅಭಿಮಾನಿಗಳು ‘ವೀ’ ಅಂತ ಚುಟುಕು ಮಾಡಿಕೊಂಡು ಬಚಾವಾದರು. ಹೆಸರನ್ನೇ ಮತ್ತೆ ಮತ್ತೆ ಹೇಳಿದರೆ ಅವರಿಗೆ ಸಾಕು. ನಮಗೆ ಸಾಲದು. ‘ವೀ’ ಅಂದ ಮೇಲೂ ‘ಬಂದ, ಬಂದಳು, ಬಂದರು, ಬಂತು’ ಇವುಗಳಲ್ಲಿ ಒಂದನ್ನು ಹಿಡಿಯಲೇಬೇಕು. ಕನ್ನಡದಲ್ಲಿ ಗುಟ್ಟು ರಟ್ಟಾಗುವುದು ಕ್ರಿಯಾಪದದ ಬಾಲದಲ್ಲಿ.

ಹಾಗಾಗಿ ‘ಬಂದರು’ ಹಿಡಿದೆ. ಅಕ್ಕನ ಮಗಳಿಗೆ ಹನ್ನೊಂದು ವರ್ಷ. ರಜೆಗೆ ಬಂದಾಗ ರಾತ್ರಿ ಊಟ ಆದ ಮೇಲೆ ಈ ಕತೆ ಹೇಳುತ್ತಿದ್ದೆ. ರಾಯ್ ಬಂದ, ಹೇಲಿ ಬಂದಳು, ಎಲಾನ್ ಬಿದ್ದ, ವೀ ಬಂದರು. ಮೂರನೇ ದಿನ ತಡೆದಳು: ‘ಮಾಮಾ, ವೀಗೆ ಮಾತ್ರ ಯಾಕೆ ಅವರು ಅಂತೀಯಾ? ಅವರೇನು ಹೆಡ್ ಮಾಸ್ಟ್ರಾ?’

ಸರಿಯಾಗಿ ಹಿಡಿದಳು. ‘ಅವರು’ ಗಂಡು ಹೆಣ್ಣನ್ನು ಮುಚ್ಚುತ್ತದೆ ನಿಜ, ಆದರೆ ದೊಡ್ಡವರು ಅನ್ನುವುದನ್ನು ಸೇರಿಸಿಬಿಡುತ್ತದೆ. ಇಂಗ್ಲಿಷಿನ ‘ದೇ’ಗೆ (they) ಆ ಭಾರ ಇಲ್ಲ. ಮೆರಿಯಂ ವೆಬ್‌ಸ್ಟರ್ ನಿಘಂಟು 2019ರಲ್ಲಿ ಅದನ್ನೇ ವರ್ಷದ ಪದ ಅಂತ ಆರಿಸಿತು, ಅಲ್ಲಿ ಮರ್ಯಾದೆಯ ಮಾತೇ ಬರಲಿಲ್ಲ. ವೀ ವಿಷಯದಲ್ಲಿ ನಮಗೆ ಸ್ವಲ್ಪ ಅದೃಷ್ಟ ಇದೆ. ಒಂದು ಮಾತಿಗೆ ಹತ್ತು ಮಾತು ಸೇರಿಸಿ, ಪಂಡಿತರ ಹಾಗೆ ಮಾತಾಡುವ ಪಾತ್ರ ಅದು. ‘ಅವರು’ ಒಪ್ಪುತ್ತದೆ. ಅದೇ ತಂಡದ ಪುಂಡ ಬೆಲ್ಕರ್ ಗಂಡೋ ಹೆಣ್ಣೋ ಗೊತ್ತಿಲ್ಲದೆ ಹೋಗಿದ್ದರೆ ಏನು ಗತಿ?

ಇನ್ನೊಂದು ದಾರಿ ಇದೆ, ನನಗೆ ಇದೇ ಜಾಸ್ತಿ ಇಷ್ಟ. ‘ಗೆ’ ಹಚ್ಚಿ ಹೇಳಿ. ವೀಗೆ ಸಿಟ್ಟು ಬಂತು. ವೀಗೆ ಗೊತ್ತಿತ್ತು. ವೀಗೆ ಇನ್ನೂ ಶಕ್ತಿ ಬೇಕು. ಎಲ್ಲೂ ಲಿಂಗ ಇಲ್ಲ, ಬಹುವಚನವೂ ಇಲ್ಲ, ಮಾತು ಸಹಜವಾಗಿದೆ. ‘ವೀ ಮಾಡಿದ್ದು ತಪ್ಪು’, ‘ವೀ ಹೇಳಿದ ಮಂತ್ರ’ ಇವೂ ನಡೆಯುತ್ತವೆ. ‘ತನ್ನ’ ಅನ್ನುವ ಪದವಂತೂ ಯಾರಿಗಾದರೂ ಸೈ. ಎದುರಾಎದುರು ಮಾತಾಡುವಾಗ ‘ನಾನು ಬಂದೆ, ನೀನು ಬಂದೆ’ ಸಾಕಾದ್ದರಿಂದ ತೊಂದರೆಯೇ ಇಲ್ಲ.

ಇಷ್ಟೆಲ್ಲ ಜಾಣತನ ಮಾಡಿಯೂ ಒಂದು ಕಡೆ ಎಡವಿದೆ. ಮುಂದೆ ಕತೆಯ ಗುಟ್ಟು ಇದೆ, ಓದುವ ಆಸೆ ಇದ್ದವರು ಈ ಪ್ಯಾರಾ ದಾಟಿಕೊಳ್ಳಿ. ವೀ ಕೊಂದ ಒಂದು ಮರಿ ಡ್ರ್ಯಾಗನ್‌ನ ತಾಯಿ ಸೇಡಿಗೆ ವೀ ಮನೆಗೇ ನುಗ್ಗುತ್ತದೆ. ಅಲ್ಲಿ ಇಂಕೀರಿಯಸ್, ಇಬ್ಬರು ಸಾಕುಮಕ್ಕಳು. ಅವರನ್ನು ಉಳಿಸಲು ವೀ ಪಿಶಾಚಿಗಳ ಜೊತೆ ಒಪ್ಪಂದ ಮಾಡಿಕೊಂಡು ಭಯಂಕರ ಶಕ್ತಿ ಪಡೆಯುತ್ತಾರೆ. ಅದನ್ನು ಬಿಟ್ಟು ಮನೆಯಲ್ಲಿರು ಅಂತ ಇಂಕೀರಿಯಸ್ ಕೇಳಿದರೂ ಕೇಳದೆ ಹೊರಟುಹೋಗುತ್ತಾರೆ. ಆಮೇಲೆ ವಿಚ್ಛೇದನದ ಕಾಗದ ಬರುತ್ತದೆ. ಇದನ್ನು ಹೇಳುತ್ತಾ ನನ್ನ ಬಾಯಿಂದ ‘ಇಂಕೀರಿಯಸ್ ಅತ್ತಳು’ ಅಂತ ಬಂದೇಬಿಟ್ಟಿತು. ಯಾಕೆ? ಇಂಕೀರಿಯಸ್ ಬ್ರೆಡ್ಡು ಮಾಡುವ ಬೇಕರಿಯ ಕೆಲಸದವರು, ಮಕ್ಕಳ ಜೊತೆ ಮನೆಯಲ್ಲಿ ಉಳಿದವರು. ನನ್ನ ನಾಲಿಗೆ ಅಷ್ಟಕ್ಕೇ ತೀರ್ಮಾನ ಮಾಡಿತ್ತು. ಅಕ್ಕನ ಮಗಳು ಅದನ್ನು ಗಮನಿಸಲಿಲ್ಲ. ‘ಹಾಗಾದ್ರೆ ಮಕ್ಕಳು ಯಾರ ಹತ್ರ ಇರ್ತಾರೆ?’ ಅಂತ ಕೇಳಿದಳು.

ಆ ಮಕ್ಕಳದ್ದೇ ನಿಜವಾದ ಫಜೀತಿ. ಇಂಗ್ಲಿಷಿನಲ್ಲಿ ಅವು ‘ಪೇರೆಂಟ್’, ‘ಅದರ್ ಪೇರೆಂಟ್’ ಅಂತ ಕೂಗುತ್ತವೆ. ಹೆತ್ತವರು ಅನ್ನೋಣ ಅಂದರೆ ಸಾಕುಮಕ್ಕಳು. ‘ಪೋಷಕರೇ!’ ಅಂತ ಕೂಗಿಸಿದರೆ ಫೀಸು ಕಟ್ಟಿ ಅಂತ ಶಾಲೆಯಿಂದ ಬಂದ ಚೀಟಿ ನೆನಪಾಗುತ್ತದೆ. ಕೊನೆಗೆ ಅಕ್ಕನ ಮಗಳೇ ‘ಒಬ್ರು, ಇನ್ನೊಬ್ರು’ ಅಂತ ಹೆಸರಿಟ್ಟಳು. ಮನೆಯಲ್ಲಿ ಈಗಲೂ ಅದೇ. ದಂಪತಿಗಳು ಒಬ್ಬರನ್ನೊಬ್ಬರು ಕರೆಯಲು ಮಾತ್ರ ನಮ್ಮಲ್ಲಿ ಚಿನ್ನದಂಥ ಪದ ಇದೆ: ‘ನಮ್ಮನೆಯವರು’. ಗಂಡನೂ ಅನ್ನಬಹುದು, ಹೆಂಡತಿಯೂ ಅನ್ನಬಹುದು. ವೀ ಬಾಯಲ್ಲಿ ಹಾಕಿ ನೋಡಿ, ಎಷ್ಟು ಚೆನ್ನಾಗಿ ಕೂರುತ್ತದೆ.

ಗೆಳೆಯರಲ್ಲಿ ಯಾರಾದರೂ ‘ಅವನು’ ಅಂತ ಬರೆದರೆ ತಿದ್ದಲು ಹೋಗಬೇಡಿ, ಕಾಮಿಕ್ ಪಾತ್ರಕ್ಕೆ ನೋವಾಗಲ್ಲ. ನಿಜವಾದ ಮನುಷ್ಯರ ಬಗ್ಗೆ ಈ ಅನುಮಾನ ಬಂದರೆ ಅವರನ್ನೇ ಕೇಳಿ.

ಇನ್ನು ಬೆಲ್ಕರ್. ಅವನ ಬಾಯಲ್ಲಿ ‘ಅವರು’ ಬಂದರೆ ಅವನು ಬೆಲ್ಕರ್ರೇ ಅಲ್ಲ. ನಾನು ಅವನಿಗೆ ‘ಬಂತು, ಹೋಯ್ತು’ ಕೊಟ್ಟಿದ್ದೇನೆ: ‘ಆ ಉದ್ದಕಿವಿ ಎಲ್ಲಿ ಹಾಳಾಗಿ ಹೋಯ್ತು?’ ಲಿಂಗದ ಗುಟ್ಟೂ ಉಳಿಯಿತು, ಬೈಗುಳವೂ ಸಿಕ್ಕಿತು. ಆದರೆ ನಿಮ್ಮ ಗುಂಪಿನಲ್ಲಿ ಶಿರಸಿ ಕಡೆಯ ಹವ್ಯಕರು ಯಾರಾದರೂ ಇದ್ದರೆ ಹುಷಾರು. ಅವರ ಮನೆಮಾತಿನಲ್ಲಿ ‘ಅಕ್ಕ ಬಂತು’ ಅನ್ನುವುದು ದಿನನಿತ್ಯದ ಮಾತು. ‘ವೀ ಬಂತು’ ಅಂದರೆ ಅವರ ಕಿವಿಗೆ ಹೆಂಗಸು ಬಂದ ಹಾಗೇ ಕೇಳಬಹುದು.